ಪಳಗಿದವರು ಯಾರು?

ದಾರಿ ತಪ್ಪಿದ ಎಳೆಯರನ್ನು ತಿದ್ದುವ ಬಗೆ ಯಾವುದು? ದಂಡನೆಯಿಂದ ಭಯ ಹುಟ್ಟೀತು. ಉಪದೇಶದಿಂದ ಬೇಸರ ಹುಟ್ಟೀತು. ಕರುಣೆ ಹುಟ್ಟಬೇಕಾದರೆ ಕರುಣೆಯನ್ನು ಬೇಡುವ ಜೀವವೊಂದು ಎದುರಿಗಿರಬೇಕು.

ಅಮೆರಿಕದ ಆರೆಗನ್ ರಾಜ್ಯದ ವುಡ್‌ಬರ್ನ್ ಪಟ್ಟಣದಲ್ಲಿ ಮೆಕ್ಲಾರೆನ್ ಎಂಬ ಬಾಲಾಪರಾಧಿಗಳ ಸುಧಾರಣಾಲಯವಿದೆ. ಅಲ್ಲಿನ ಶಾಲೆಯಲ್ಲಿ ಸೇವೆಯಲ್ಲಿದ್ದ ಜೋನ್ ಡಾಲ್ಟನ್ ಎಂಬ ಮಹಿಳೆ 1993ರಲ್ಲಿ ಹೊಸ ಪ್ರಯೋಗವೊಂದನ್ನು ಆರಂಭಿಸಿದರು. ಪ್ರಾಣಿಗಳ ಆಶ್ರಯಧಾಮಗಳಲ್ಲಿ ದಿಕ್ಕಿಲ್ಲದೆ ಉಳಿದ ನಾಯಿಗಳನ್ನು ತಂದು ಆ ತರುಣರ ವಶಕ್ಕೆ ಒಪ್ಪಿಸಿದರು. ಅವಕ್ಕೆ ಉಣಿಸುವುದು, ಮೀಯಿಸುವುದು, ಗೂಡು ಗುಡಿಸುವುದು, ಮಾತು ಕೇಳಲು ಕಲಿಸುವುದು, ಎಲ್ಲವೂ ತರುಣರ ಹೊಣೆಯಾಯಿತು.

ಹೊಡೆದು ಕಲಿಸುವಂತಿರಲಿಲ್ಲ. ನಾಯಿ ತಪ್ಪಿದರೆ ತಾಳ್ಮೆಯಿಂದ ಕಾಯಬೇಕು. ಸರಿಯಾಗಿ ನಡೆದೊಡನೆ ತಿನಿಸನ್ನಿತ್ತು ಮೆಚ್ಚಬೇಕು. ಏರುದನಿಗೆ ಬೆದರುವ ಪ್ರಾಣಿ ಹತ್ತಿರ ಬರಬೇಕಾದರೆ, ಕಲಿಸುವವನು ಮೊದಲು ತನ್ನ ಕೋಪವನ್ನೇ ಪಳಗಿಸಬೇಕು. ಅವನ ಹಿಂದಿನ ಅಪರಾಧವನ್ನು ನಾಯಿ ಅರಿಯದು. ಇಂದು ಅವನ ಕೈ ಮೃದುವೋ ಒರಟೋ ಎಂಬುದಷ್ಟೇ ಅದಕ್ಕೆ ಗೊತ್ತು.

ಕಠಿಣ ಪರೀಕ್ಷೆ ಬರುವುದು ಕಡೆಯಲ್ಲಿ. ಪಳಗಿದ ನಾಯಿಯನ್ನು, ಅದನ್ನು ಸಾಕಲು ಮುಂದೆ ಬಂದ ಕುಟುಂಬಕ್ಕೆ ಕೊಟ್ಟುಬಿಡಬೇಕು. ನಾಯಿ ಹೊರಗಿನ ಮನೆಯೊಂದಕ್ಕೆ ಹೊರಟಾಗ ಸಾಕಿದವನು ಸುಧಾರಣಾಲಯದಲ್ಲೇ ಉಳಿಯುತ್ತಾನೆ. ತನಗೆ ಪ್ರಿಯವಾದುದನ್ನು ಅದರ ಒಳಿತಿಗಾಗಿ ಬಿಟ್ಟುಕೊಡುವುದನ್ನು ಅವನು ಆಗ ಕಲಿಯುತ್ತಾನೆ.

ನಾಯಿಯ ಸ್ನೇಹ ಗತಕಾಲದ ತಪ್ಪನ್ನು ಅಳಿಸಲಾರದು, ನಿಜ. ಆದರೂ ತನ್ನಿಂದ ಒಂದು ಜೀವಕ್ಕೆ ಒಳಿತಾಯಿತೆಂಬ ಅರಿವು ಹೊಸ ಬಾಳಿಗೆ ಬುನಾದಿಯಾಗಬಲ್ಲುದು. ವಿದ್ಯಾರ್ಥಿಗಳೇ, ಬೀದಿಯಲ್ಲಿ ಬೆದರಿ ನಿಂತ ನಾಯಿಯನ್ನು ಕಂಡಾಗ, ಕೈ ಕಲ್ಲಿಗೆ ಹೋಗುವ ಮುನ್ನ ಇದನ್ನು ನೆನೆಯಿರಿ.