ಫ್ರಿಜ್ ಬಾಗಿಲ ಮೇಲಿನ ಹಳೇ ರಸ್ತೆ

ಕಳೆದ ವರ್ಷ ಮಾಮು ಅಮೆರಿಕದಿಂದ ರಜೆಗೆ ಬಂದಾಗ ಮನೆಯವರಿಗೆಲ್ಲ ಏನೇನೋ ತಂದಿದ್ದರು. ನನ್ನ ಪಾಲಿಗೆ ಬಂದದ್ದು ಬೆಂಕಿಪೊಟ್ಟಣದಷ್ಟು ದೊಡ್ಡದಾದ ಒಂದು ಮ್ಯಾಗ್ನೆಟ್. ಗುರಾಣಿಯ ಆಕಾರ, ಬಿಳಿ ಬಣ್ಣ, ನಡುವೆ ಕಪ್ಪಾಗಿ 66 ಎಂಬ ಅಂಕಿ. ಬೆಟ್ಟ ಇಲ್ಲ, ಜಲಪಾತ ಇಲ್ಲ.

"ರಸ್ತೆ ನಂಬರನ್ನು ದುಡ್ಡು ಕೊಟ್ಟು ಯಾರು ತಗೊಳ್ತಾರೆ ಮಾಮು?" ಎಂದೆ.

"ನಾನೇ ತಗೊಂಡೆನಲ್ಲ!" ಎಂದು ನಕ್ಕರು.

ಇಂಥ ವಸ್ತುವಿಗೆ ನಮ್ಮ ಮನೆಯ ಉರ್ದುವಿನಲ್ಲಿ 'ನಿಶಾನಿ' ಎನ್ನುತ್ತೇವೆ, ಕನ್ನಡದಲ್ಲಿ 'ನೆನಪಿನ ಕಾಣಿಕೆ'. ಎರಡು ಹೆಸರಿನಲ್ಲೂ ಬೆಲೆಯ ಸುಳಿವಿಲ್ಲ. ಆದರೆ ಕಾಮರ್ಸ್ ಓದುವವರಿಗೆ ಮೊದಲು ಕಾಣುವುದು ಬೆಲೆಯೇ. ಒಂದು ಚೂರು ರಬ್ಬರು, ಒಂದು ಚೂರು ಕಾಗದ, ಇದಕ್ಕೆ ಅಷ್ಟು ಡಾಲರ್ ಏಕೆ? ಆ ಪ್ರಶ್ನೆ ಹಿಡಿದು ಓದುತ್ತಾ ಹೋದವನಿಗೆ ಸಿಕ್ಕಿದ್ದನ್ನು ಇಲ್ಲಿ ಬರೆದಿದ್ದೇನೆ.

66ನೇ ಹೆದ್ದಾರಿ 1926ರಲ್ಲಿ ಶುರುವಾಯಿತು. ಷಿಕಾಗೋ ನಗರದಿಂದ ಪಶ್ಚಿಮ ಕರಾವಳಿಯ ಸಾಂಟಾ ಮೋನಿಕಾವರೆಗೆ ಸುಮಾರು 3,900 ಕಿಲೋಮೀಟರ್. ಊರೂರ ನಡುವೆಯೇ ಹಾದುಹೋಗುತ್ತಿದ್ದುದರಿಂದ ದಾರಿಯುದ್ದಕ್ಕೂ ಹೋಟೆಲು, ಪೆಟ್ರೋಲ್ ಬಂಕು, ಸಣ್ಣಪುಟ್ಟ ಅಂಗಡಿಗಳು ಬೆಳೆದವು. ಗಿರಾಕಿಯ ಕಾರು ನಿಲ್ಲಲಿ ಎಂದು ಅಂಗಡಿಯವರು ಮಾಡದ ಉಪಾಯವಿಲ್ಲ. ಅರಿಜೋನಾ ರಾಜ್ಯದ ಹಾಲ್‌ಬ್ರುಕ್‌ನಲ್ಲಿ ಸಿಮೆಂಟಿನ ಗುಡಾರಗಳಂಥ ಕೋಣೆಗಳಲ್ಲಿ ಮಲಗುವ ಹೋಟೆಲು ಇಂದಿಗೂ ಇದೆ. ಟೆಕ್ಸಸ್‌ನ ಅಮರಿಲ್ಲೋ ಬಳಿ ಹತ್ತು ಕ್ಯಾಡಿಲಾಕ್ ಕಾರುಗಳನ್ನು ತಲೆಕೆಳಗಾಗಿ ನೆಲದಲ್ಲಿ ಹೂತಿದ್ದಾರೆ. ಅದು 1974ರಲ್ಲಿ ಕಲಾವಿದರು ಮಾಡಿದ ಕೆಲಸ. ಇವೆಲ್ಲ ಈಗ ಮ್ಯಾಗ್ನೆಟ್‌ನ ಚಿತ್ರಗಳಾಗಿವೆ.

ಆಮೇಲೆ ದೊಡ್ಡ ಅಂತರರಾಜ್ಯ ಹೆದ್ದಾರಿಗಳು ಬಂದವು. ಅವು ಊರುಗಳನ್ನು ಹೊರಗಿನಿಂದಲೇ ಸುತ್ತಿಕೊಂಡು ಹೋದವು. ಅರಿಜೋನಾದ ಸೆಲಿಗ್‌ಮನ್ ಎಂಬ ಪುಟ್ಟ ಊರಿನಲ್ಲಿ ಇದು ನಡೆದದ್ದು 1978ರ ಸೆಪ್ಟೆಂಬರ್ 22ರಂದು. ನಿನ್ನೆಯವರೆಗೆ ಅಂಗಡಿ ಮುಂದೆ ಹರಿಯುತ್ತಿದ್ದ ವಾಹನಗಳು ಮರುದಿನ ಇಲ್ಲ. 1985ರಲ್ಲಿ 66 ಎಂಬ ಸಂಖ್ಯೆಯನ್ನೇ ಹೆದ್ದಾರಿಗಳ ಪಟ್ಟಿಯಿಂದ ತೆಗೆದುಹಾಕಲಾಯಿತು. ಸೆಲಿಗ್‌ಮನ್‌ನ ಕ್ಷೌರಿಕ ಏಂಜೆಲ್ ಡೆಲ್ಗಡಿಲೊ ಸುಮ್ಮನೆ ಕೂರಲಿಲ್ಲ. 1987ರಲ್ಲಿ ಊರಿನವರನ್ನೂ ಅಕ್ಕಪಕ್ಕದವರನ್ನೂ ಸೇರಿಸಿ ಸಂಘ ಕಟ್ಟಿದರು, ತಮ್ಮ ರಾಜ್ಯದಲ್ಲಿ ಈ ರಸ್ತೆಗೆ 'ಐತಿಹಾಸಿಕ' ಎಂಬ ಮಾನ್ಯತೆ ದೊರಕಿಸಿದರು. ಅವರ ಕ್ಷೌರದಂಗಡಿಯೇ ನೆನಪಿನ ಕಾಣಿಕೆಗಳ ಅಂಗಡಿಯೂ ಆಯಿತು. ಮೊದಲು ಜನ ಬೇರೆಲ್ಲಿಗೋ ಹೋಗುವಾಗ ಸೆಲಿಗ್‌ಮನ್ ದಾರಿಯಲ್ಲಿ ಸಿಗುತ್ತಿತ್ತು. ಈಗ ಆ ಹಳೇ ರಸ್ತೆಯನ್ನು ನೋಡಲೆಂದೇ ಬರುತ್ತಾರೆ. ನನ್ನ ಮ್ಯಾಗ್ನೆಟ್ ಮೇಲಿನ 66, ಪಟ್ಟಿಯಿಂದ ತೆಗೆದುಹಾಕಿದ ಅದೇ ಸಂಖ್ಯೆ.

ಆ ಹಳೇ ರಸ್ತೆಯ ಒಂದು ತುಣುಕು 'ಪೆಟ್ರಿಫೈಡ್ ಫಾರೆಸ್ಟ್' ಎಂಬ ರಾಷ್ಟ್ರೀಯ ಉದ್ಯಾನದೊಳಗೆ ಸೇರಿದೆ. 20 ಕೋಟಿ ವರ್ಷಕ್ಕೂ ಹಿಂದಿನ ಮರಗಳು ಅಲ್ಲಿ ಕಲ್ಲಾಗಿ ಬಿದ್ದಿವೆ. ಒಂದು ಚೂರು ಎತ್ತಿಕೊಂಡರೂ ಅಪರಾಧ. ಆದರೂ ಕೆಲವರು ಜೇಬಿಗೆ ಹಾಕಿಕೊಂಡು ಹೋಗುತ್ತಾರೆ, ವರ್ಷಗಳಾದ ಮೇಲೆ ಮನಸ್ಸು ಚುಚ್ಚಿ ಕ್ಷಮಾಪಣೆ ಪತ್ರದ ಜೊತೆ ಅಂಚೆಯಲ್ಲಿ ವಾಪಸು ಕಳಿಸುತ್ತಾರೆ! ಯಾವ ಜಾಗದಿಂದ ಎತ್ತಿದ್ದೆಂದು ಗೊತ್ತಿಲ್ಲದ ಕಾರಣ ಅವನ್ನು ಮತ್ತೆ ಮೊದಲಿನ ಜಾಗಕ್ಕೆ ಇಡಲಾಗುವುದಿಲ್ಲ. ಹಾಗೆ ಬಂದ ಕಲ್ಲುಗಳದ್ದೇ ಒಂದು ಗುಡ್ಡೆಯಾಗಿದೆ. ಇದನ್ನು ಓದಿದ ಮೇಲೆ ಮ್ಯಾಗ್ನೆಟ್ ಮೇಲಿನ ನನ್ನ ತಾತ್ಸಾರ ಕಡಿಮೆಯಾಯಿತು. ಕಲ್ಲು ಅಲ್ಲೇ ಇರುತ್ತದೆ, ಚಿತ್ರ ಮನೆಗೆ ಬರುತ್ತದೆ. ಅಲ್ಲಿನ ಎಷ್ಟೋ ಉದ್ಯಾನಗಳಲ್ಲಿ ಇಂಥ ಮಳಿಗೆಗಳನ್ನು ಲಾಭದ ಉದ್ದೇಶವಿಲ್ಲದ ಸಂಘಗಳು ನಡೆಸುತ್ತವೆ, ಉಳಿದ ಹಣ ಉದ್ಯಾನದ ಕೆಲಸಕ್ಕೇ ಹೋಗುತ್ತದೆ.

ಸೈನ್ಸ್ ಗೆಳೆಯರಿಗಾಗಿ ಒಂದು ಮಾತು. ತೆಳುವಾಗಿ ಬಾಗುವ ಮ್ಯಾಗ್ನೆಟ್ ಎಂದರೆ ಫೆರೈಟ್ ಪುಡಿಯನ್ನು ರಬ್ಬರ್ ಅಥವಾ ಪ್ಲಾಸ್ಟಿಕ್‌ನಲ್ಲಿ ಕಲಸಿ ಮಾಡಿದ ಹಾಳೆ. ಅದರ ಹಿಂಬದಿಯಲ್ಲಿ ಉತ್ತರ, ದಕ್ಷಿಣ ಧ್ರುವಗಳು ಸಣ್ಣ ಪಟ್ಟೆಗಳಾಗಿ ಒಂದಾದ ಮೇಲೊಂದು ಇರುತ್ತವೆ. ಅಂಥ ಎರಡನ್ನು ಬೆನ್ನಿಗೆ ಬೆನ್ನು ಸೇರಿಸಿ ಅಡ್ಡಲಾಗಿ ಎಳೆದು ನೋಡಿ, ಟಕ್ ಟಕ್ ಎಂದು ಹಾರುತ್ತವೆ. ಗಾಜಿನ ಬಾಗಿಲಿನ ಫ್ರಿಜ್‌ಗಳಲ್ಲಿ ಮಾತ್ರ ಇವು ನಿಲ್ಲದೆ ಜಾರುತ್ತವೆ. ಇದೂ ವ್ಯಾಪಾರಿ ತಿಳಿದಿರಬೇಕಾದ ವಿಷಯವೇ.

ಇನ್ನು ಲೆಕ್ಕಕ್ಕೆ ಬರೋಣ. ಈ ಲೆಕ್ಕ ನಾನು ಮಾಡಿದ್ದು ಪರೀಕ್ಷೆಗಲ್ಲ, ನಮ್ಮ ಖಾಲುಗಾಗಿ. ಖಾಲು ಎಂದರೆ ಚಿಕ್ಕಮ್ಮನ ಗಂಡ. ಚನ್ನಪಟ್ಟಣದಲ್ಲಿ ಹಳೇ ಬೆಂಗಳೂರು-ಮೈಸೂರು ರಸ್ತೆಯ ಬದಿ ಅವರದೊಂದು ಬೊಂಬೆ ಅಂಗಡಿ, ಹಿಂದೆಯೇ ಲೇತ್. 119 ಕಿಲೋಮೀಟರಿನ ಹೊಸ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಅದು ಚನ್ನಪಟ್ಟಣವನ್ನು ಮುಟ್ಟದೆ ಹೊರಗಿನಿಂದ ಹೋಗುತ್ತದೆ. ಹೊಸ ರಸ್ತೆಯನ್ನು ಬೈಯಲು ನನಗೆ ಬಾಯಿಲ್ಲ, ಮೈಸೂರಿಗೆ ಹೋಗುವಾಗ ಅಬ್ಬಾ ಹಿಡಿಯುವುದೂ ಅದನ್ನೇ. ಆದರೆ ಸಂಜೆ ಖಾಲು ಗಲ್ಲಾಪೆಟ್ಟಿಗೆ ಎಣಿಸುವ ಹೊತ್ತು ಮೊದಲಿಗಿಂತ ಬಹಳ ಕಡಿಮೆಯಾಗಿದೆ ಎಂದು ಖಾಲಾ ಹೇಳುತ್ತಾರೆ. ಸೆಲಿಗ್‌ಮನ್ ಕಥೆ ಓದುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಅವರ ಅಂಗಡಿಯೇ.

ಒಬ್ಬ ಸಗಟು ವ್ಯಾಪಾರಿ ಅವರಿಗೆ ಅಚ್ಚು ಹಾಕಿದ ಮ್ಯಾಗ್ನೆಟ್ ಮಾಡಿಕೊಡುತ್ತೇನೆ ಎಂದಿದ್ದ. ಕನಿಷ್ಠ 500 ತೆಗೆದುಕೊಳ್ಳಬೇಕು. ಸುಲಭವಾಗಲೆಂದು ಇಲ್ಲಿ ದುಂಡು ಅಂಕಿ ಹಿಡಿಯುತ್ತೇನೆ: ಅಚ್ಚು, ಚಿತ್ರ ಸೇರಿ ಸ್ಥಿರ ವೆಚ್ಚ 12,000 ರೂಪಾಯಿ. ಒಂದಕ್ಕೆ ಬದಲಾಗುವ ವೆಚ್ಚ 60, ಮಾರುವ ಬೆಲೆ 100. ಬಿ.ಕಾಂ. ಓದುವ ಆಪಾಳ ಪುಸ್ತಕದ ಸೂತ್ರದಂತೆ 12,000ವನ್ನು 40ರಿಂದ ಭಾಗಿಸಿದೆ. 300 ಮಾರಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. 500ರಲ್ಲಿ 300 ತಾನೇ ಎಂದು ಖುಷಿಯಿಂದ ಹೇಳಿದೆ.

ಖಾಲು ಎಸ್ಸೆಸ್ಸೆಲ್ಸಿವರೆಗೆ ಓದಿದವರು. "ಬೇಟಾ, ಮಿಕ್ಕ ಇನ್ನೂರಕ್ಕೆ ದುಡ್ಡು ಯಾರು ಕೊಡ್ತಾರೆ?" ಎಂದರು.

ನನ್ನ ತಪ್ಪು ಅಲ್ಲಿತ್ತು. ಮಾರಿದಷ್ಟನ್ನೇ ತಯಾರಿಸಿದರೆ ಮಾತ್ರ ಆ ಸೂತ್ರ ಸರಿ. ಇಲ್ಲಿ 500ಕ್ಕೂ ಮೊದಲೇ ಹಣ ಕಟ್ಟಬೇಕು: 12,000 ಜೊತೆಗೆ 30,000, ಒಟ್ಟು 42,000. ಉಳಿದ ಸರಕಿಗೆ ಬೇರೆ ಅಂಗಡಿಯಲ್ಲಿ ಬೆಲೆಯೂ ಇಲ್ಲ, ಚನ್ನಪಟ್ಟಣದ ಮ್ಯಾಗ್ನೆಟ್ ಹಾಸನದಲ್ಲಿ ಯಾರಿಗೆ ಬೇಕು? ಹಾಗಾಗಿ ಹಾಕಿದ ಹಣ ಬರಬೇಕಾದರೆ 300 ಸಾಲದು, 420 ಮಾರಬೇಕು. ಜಾಗದ ಹೆಸರೇ ಈ ವಸ್ತುವಿಗೆ ಬೆಲೆ ತರುತ್ತದೆ, ಉಳಿದುಬಿಟ್ಟರೆ ಅದೇ ಹೆಸರು ಬೆಲೆಯನ್ನು ಕಳೆಯುತ್ತದೆ.

"ಹಾಗಾದರೆ ಲೇತ್‌ನಲ್ಲೇ ಮಾಡಿ" ಎಂದೆ. "ಏನನ್ನ?" ಎಂದರು. ಮೈಲಿಗಲ್ಲು ಎಂದೆ. ರಾಷ್ಟ್ರೀಯ ಹೆದ್ದಾರಿಯ ಮೈಲಿಗಲ್ಲು ಗೊತ್ತಲ್ಲ, ಮೇಲೆ ಹಳದಿ, ಕೆಳಗೆ ಬಿಳಿ, ಕಪ್ಪಕ್ಷರದಲ್ಲಿ ಊರ ಹೆಸರು. "ಕಲ್ಲನ್ನ ದುಡ್ಡು ಕೊಟ್ಟು ಯಾರು ತಗೊಳ್ತಾರೆ?" ಎಂದು ಕೇಳಿದರು. ನಾನು ಮಾಮುಗೆ ಕೇಳಿದ್ದ ಪ್ರಶ್ನೆಯೇ!

ಆದರೂ ಮಾಡಿದರು. ಲೇತ್‌ನಲ್ಲಿ ಬರುವುದು ದುಂಡಗಿನ ವಸ್ತು. ಹಾಗಾಗಿ ಆಲೆಮರದ ತುಂಡನ್ನು ಗುಂಡು ತಲೆಯ ಕಂಬದಂತೆ ತಿರುಗಿಸಿ, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಹಚ್ಚಿ, ಕೊನೆಗೆ ಉದ್ದಕ್ಕೆ ಎರಡಾಗಿ ಸೀಳಿದರು. ಒಂದೇ ತುಂಡಿಗೆ ಎರಡು ಮೈಲಿಗಲ್ಲು, ಚಪ್ಪಟೆ ಬೆನ್ನಿಗೆ ಮ್ಯಾಗ್ನೆಟ್. ಈ ಉಪಾಯ ಪೂರ್ತಿ ಅವರದು.

ಮೊದಲ ಸಲ 40 ಮಾಡಿದರು. ಸಾಮಾನು, ಕೂಲಿ ಸೇರಿ ಒಂದಕ್ಕೆ 75, ಮೇಲುಖರ್ಚು 1,000, ಒಟ್ಟು 4,000. ಬೆಲೆ 120. ಇದರಲ್ಲಿ 34 ಮಾರಿದರೆ ಹಾಕಿದ ಹಣ ಬರುತ್ತದೆ. ಶೇಕಡಾವಾರು ನೋಡಿದರೆ 500ರಲ್ಲಿ 420 ಕೂಡ, 40ರಲ್ಲಿ 34 ಕೂಡ ಹೆಚ್ಚುಕಡಿಮೆ ಒಂದೇ. ಕೈಕೆಲಸ ಅಗ್ಗವೆಂದು ನಾನು ಹೇಳಲಾರೆ, ಒಂದೊಂದಕ್ಕೂ 15 ರೂಪಾಯಿ ಹೆಚ್ಚೇ ಬೀಳುತ್ತದೆ. ಆದರೆ ಒಂದೂ ಮಾರಾಟವಾಗದಿದ್ದರೆ ಹೋಗುವುದು 42,000 ಅಲ್ಲ, 4,000. ಅಷ್ಟು ನಷ್ಟವನ್ನು ಆ ಅಂಗಡಿ ತಡೆದುಕೊಳ್ಳುತ್ತದೆ.

ಒಬ್ಬ ಗಿರಾಕಿ "ಮದ್ದೂರಿನದು ಇಲ್ಲವಾ?" ಎಂದು ಕೇಳಿದರಂತೆ. ಆ ಪ್ರಶ್ನೆ ನಮ್ಮ ಇಬ್ಬರಿಗೂ ಹೊಳೆದಿರಲಿಲ್ಲ. ಊರು ಬದಲಿಸಲು ಹೊಸ ಅಚ್ಚು ಬೇಡ, ಕುಂಚ ಸಾಕು. ಈಗ ಖಾಲು ಹೆಸರಿನ ಜಾಗವನ್ನು ಖಾಲಿ ಬಿಟ್ಟು, ಕೇಳಿದ ಮೇಲೆ ಬರೆದುಕೊಡುತ್ತಾರೆ.

ಇದನ್ನು ಬರೆಯುವ ಹೊತ್ತಿಗೆ 27 ಮಾರಾಟವಾಗಿವೆ, 3,240 ರೂಪಾಯಿ ಬಂದಿದೆ. ಇನ್ನು 7 ಹೋಗಬೇಕು. ಅಂಗಡಿಯಲ್ಲಿ ಉಳಿದಿರುವುದು 12, ಏಕೆಂದರೆ ಒಂದನ್ನು ಖಾಲು ನನಗೆ ಕೊಟ್ಟರು. ಅದು ನಮ್ಮ ಫ್ರಿಜ್ ಮೇಲೆ 66ರ ಪಕ್ಕದಲ್ಲಿದೆ. ಅದನ್ನು ಜಾಹೀರಾತು ಖರ್ಚಿಗೆ ಬರೆಯಬೇಕೋ ಡ್ರಾಯಿಂಗ್ಸ್‌ಗೆ ಬರೆಯಬೇಕೋ ಎಂದು ಕೇಳಿದ್ದಕ್ಕೆ ಖಾಲು, "ನಿಶಾನಿಗೆ ಯಾವ ಖಾತೆ ಇದೆಯೋ ನಿಮ್ಮ ಮೇಷ್ಟ್ರನ್ನೇ ಕೇಳು" ಎಂದರು. ಸರ್, ಕೇಳುತ್ತಿದ್ದೇನೆ.