ಗಾಳಿಯ ಪಾತ್ರೆಯೊಳಗೆ ನೀರು

ಕೊಪ್ಪಳ, ಯಲಬುರ್ಗಾ, ಕುಷ್ಟಗಿಗಳ ರಸ್ತೆಬದಿಯಲ್ಲಿ ಗಾಲಿಗಳಿಗೆ ಗಾಳಿ ತುಂಬುವ ಪಂಕ್ಚರ್ ಅಂಗಡಿಗಳನ್ನು ವಾಚಕರು ನೋಡಿಯೇ ಇರುತ್ತಾರೆ. ಅಲ್ಲಿ ದಡದಡ ಸದ್ದು ಮಾಡುವ ಯಂತ್ರವೊಂದು ಗಾಳಿಯನ್ನು ಒತ್ತಿ ಉಕ್ಕಿನ ಪಾತ್ರೆಯೊಂದಕ್ಕೆ ತುಂಬುತ್ತದೆ. ಬಗ್ಗಿ ನೋಡಿದರೆ ಆ ಪಾತ್ರೆಯ ತಳದಲ್ಲಿ ಒಂದು ಪುಟ್ಟ ನಲ್ಲಿ ಕಾಣುತ್ತದೆ. ಅದನ್ನು ತುಸುವೇ ತಿರುಗಿಸಿದರೆ ಬುಸ್ಸೆಂದು ಕಂದು ಬಣ್ಣದ ನೀರು ಹೊರಬರುತ್ತದೆ. ಪಾತ್ರೆಗೆ ಯಾರೂ ನೀರು ಹಾಕಿಲ್ಲ. ತುಂಬಿದ್ದು ಗಾಳಿ ಮಾತ್ರ. ಹಾಗಾದರೆ ಈ ನೀರು ಎಲ್ಲಿಂದ ಬಂದಿತು? ಅದನ್ನು ಹೊರಬಿಡದಿದ್ದರೆ ಆಗುವುದೇನು?

ಮೊದಲು ಯಂತ್ರವನ್ನು ಪರಿಶೀಲಿಸೋಣ. ಸಿಲಿಂಡರಿನಲ್ಲಿ ಪಿಸ್ಟನ್ ಹಿಂದಕ್ಕೆ ಸರಿದಾಗ ಒಂದು ಕವಾಟ ತೆರೆದು ಅನಿಲ ಒಳಬರುತ್ತದೆ. ಮುಂದಕ್ಕೆ ಸರಿದಾಗ ಅದು ಒತ್ತಲ್ಪಟ್ಟು ಇನ್ನೊಂದು ಕವಾಟದ ಮೂಲಕ ಹೊರಬೀಳುತ್ತದೆ. ಆದುದರಿಂದ ಅನಿಲವು ಕಾಲುವೆಯ ನೀರಿನಂತೆ ಒಂದೇ ಸಮನೆ ಹರಿಯದೆ, ನಾಡಿಯ ಮಿಡಿತದಂತೆ ಬಿಟ್ಟು ಬಿಟ್ಟು ನುಗ್ಗುತ್ತದೆ. ಪಿಸ್ಟನ್ನಿನ ಎರಡು ಪಕ್ಕಗಳಲ್ಲಿಯೂ ಅನಿಲವನ್ನು ಒತ್ತುವ ಯಂತ್ರವು ನಿಮಿಷಕ್ಕೆ 600 ಸಲ ತಿರುಗಿದರೆ ಸೆಕೆಂಡಿಗೆ 20 ಮಿಡಿತಗಳಾಗುತ್ತವೆ. ಕೊಳವೆಯ ಸ್ವಾಭಾವಿಕ ಕಂಪನಸಂಖ್ಯೆ ಇದಕ್ಕೆ ಹೊಂದಿಕೊಂಡರೆ ಅನುರಣನವುಂಟಾಗಿ ಕೊಳವೆಯೇ ಬಿರಿಯಬಹುದು.

ಇದನ್ನು ತಡೆಯಲು ದೊಡ್ಡ ಸಂಪೀಡಕಗಳಲ್ಲಿ ಸಿಲಿಂಡರಿನ ಪಕ್ಕದಲ್ಲಿಯೇ ಮಿಡಿತಶಾಮಕವೆನ್ನಬಹುದಾದ ಪಾತ್ರೆಗಳನ್ನು ಜೋಡಿಸುತ್ತಾರೆ. ವಿದ್ಯುತ್ತನ್ನು ಓದಿದ ವಿದ್ಯಾರ್ಥಿಗಳಿಗೆ ಇದರ ತತ್ತ್ವ ಹೊಸದಲ್ಲ. ದಿಷ್ಟಕಾರಿಯಿಂದ ಏರಿಳಿಯುತ್ತ ಬರುವ ಪ್ರವಾಹವನ್ನು ಕಂಡೆನ್ಸರು ಸಮಗೊಳಿಸುವಂತೆ, ಈ ಪಾತ್ರೆಯು ನುಗ್ಗಿ ಬಂದ ಅನಿಲವನ್ನು ತನ್ನಲ್ಲಿ ಹಿಡಿದುಕೊಂಡು ನಿಧಾನವಾಗಿ ಮುಂದಕ್ಕೆ ಬಿಡುತ್ತದೆ. ಕೆಲವು ಪಾತ್ರೆಗಳೊಳಗೆ ಅಡ್ಡಗೋಡೆಯಿಟ್ಟು ಎರಡು ಕೋಣೆಗಳನ್ನು ಮಾಡಿ, ಅವುಗಳ ನಡುವೆ ಕಿರಿದಾದ ನಳಿಗೆಯನ್ನಿಡುವುದೂ ಉಂಟು.

ಇನ್ನು ನೀರಿನ ಲೆಕ್ಕ. 30° ಸೆಂ. ಉಷ್ಣತೆಯಲ್ಲಿ ಒಂದು ಘನ ಮೀಟರು ಸ್ಥಳವು ಸುಮಾರು 30 ಗ್ರಾಂ ನೀರಾವಿಯನ್ನು ಮಾತ್ರ ಹಿಡಿದಿಟ್ಟುಕೊಳ್ಳಬಲ್ಲುದು. ಮಳೆಗಾಲದ ಒಂದು ದಿನ ಆರ್ದ್ರತೆಯು ನೂರಕ್ಕೆ 70 ಇದೆಯೆನ್ನೋಣ. ಆಗ ಒಂದು ಘನ ಮೀಟರು ಗಾಳಿಯಲ್ಲಿ 21 ಗ್ರಾಂ ಆವಿಯಿರುತ್ತದೆ. ಇಂತಹ 8 ಘನ ಮೀಟರು ಗಾಳಿಯನ್ನು ಒಂದು ಘನ ಮೀಟರಿಗೆ ಒತ್ತಿದರೆ ಅದರಲ್ಲಿ 168 ಗ್ರಾಂ ಆವಿ ಸೇರುತ್ತದೆ. ಒತ್ತುವಾಗ ಗಾಳಿ ಬಹಳ ಬಿಸಿಯಾಗುವುದರಿಂದ ಒಡನೆಯೇ ನೀರು ಕಾಣುವುದಿಲ್ಲ. ಅದು ಮರಳಿ 30 ಡಿಗ್ರಿಗೆ ತಣಿದಾಗ 30 ಗ್ರಾಂ ಆವಿ ಉಳಿದು, ಮಿಕ್ಕ 138 ಗ್ರಾಂ ನೀರಾಗಿ ಕೆಳಗಿಳಿಯುತ್ತದೆ. ಗಂಟೆಗೆ 80 ಘನ ಮೀಟರು ಗಾಳಿಯನ್ನು ಸೆಳೆಯುವ ಯಂತ್ರವು 8 ಗಂಟೆ ನಡೆದರೆ ಸುಮಾರು 11 ಲೀಟರು ನೀರು! ನೂರಕ್ಕೆ 20 ರಷ್ಟೇ ಆರ್ದ್ರತೆಯಿರುವ ಒಣಗಾಳಿಯೂ ಇದಕ್ಕೆ ಹೊರತಲ್ಲ. ಅದನ್ನು ಐದನೆಯ ಒಂದು ಪಾಲಿಗಿಂತ ಕಿರಿದಾಗಿ ಒತ್ತಿ, ಮೊದಲಿನ ಉಷ್ಣತೆಗೆ ತಣಿಸಿದರೆ ಅದೂ ನೀರು ಬಿಡುತ್ತದೆ.

ಈ ನೀರು ಎಲ್ಲಿ ನಿಲ್ಲುತ್ತದೆಂಬುದು ಮುಖ್ಯವಾದ ಪ್ರಶ್ನೆ. ಹೆಚ್ಚು ಒತ್ತಡ ಬೇಕಾದಾಗ ಅನಿಲವನ್ನು ಒಂದು ಸಿಲಿಂಡರಿನಲ್ಲಿ ಒತ್ತಿ, ತಣಿಸಿ, ಎರಡನೆಯದರಲ್ಲಿ ಮತ್ತೆ ಒತ್ತುತ್ತಾರೆ. ತಣಿಸಿದ ಮೇಲೆ ನೀರನ್ನು ಬೇರ್ಪಡಿಸುವ ಪಾತ್ರೆಯಿದ್ದರೂ, ಅದನ್ನು ದಾಟಿ ಬಂದ ಹನಿಗಳು ಎರಡನೆಯ ಸಿಲಿಂಡರಿನ ಮುಂದಿರುವ ಮಿಡಿತಶಾಮಕದಲ್ಲಿ ಕೂಡಿಕೊಳ್ಳಬಹುದು. ಅಲ್ಲಿಂದ ನೀರು ಒಮ್ಮೆಗೇ ಸಿಲಿಂಡರಿಗೆ ನುಗ್ಗಿದರೆ ಅಪಾಯ ಖಂಡಿತ. ಅನಿಲದಂತೆ ನೀರು ಕುಗ್ಗುವುದಿಲ್ಲ. ಪಿಸ್ಟನ್ನಿನ ಮುಂದೆ ಉಳಿಯುವ ಸ್ಥಳವಾದರೋ ಅತ್ಯಲ್ಪ. ಕವಾಟದ ತಟ್ಟೆಗಳು ಒಡೆಯುತ್ತವೆ, ಪಿಸ್ಟನ್ ದಂಡವೇ ಬಾಗಬಹುದು. ನಿಂತ ನೀರಿನಿಂದ ಪಾತ್ರೆಯ ತಳವೂ ಒಳಗಿನಿಂದಲೇ ತುಕ್ಕು ಹಿಡಿದು ತೆಳುವಾಗುತ್ತದೆ. ಆ ಕಂದು ಬಣ್ಣವು ಇದೇ ತುಕ್ಕಿನದು.

ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಬಣ್ಣಗೆಟ್ಟ ಕಾಳನ್ನು ಗಾಳಿಯ ಹೊಡೆತದಿಂದಲೇ ಹಾರಿಸಿ ಬೇರ್ಪಡಿಸುವ ಯಂತ್ರಗಳಿವೆ. ಆ ಗಾಳಿಯಲ್ಲಿ ನೀರು ಬೆರೆತರೆ ಅವುಗಳ ಸೂಕ್ಷ್ಮ ಕವಾಟಗಳು ಕೆಡುತ್ತವೆ. ಕುಷ್ಟಗಿ ಸೀಮೆಯ ಕೆಂಪು ಗ್ರಾನೈಟ್ ಗಣಿಗಳಲ್ಲಿ ಕಲ್ಲು ಕೊರೆಯುವ ಯಂತ್ರಗಳಿಗೂ ಒತ್ತಿದ ಗಾಳಿಯೇ ಬಲ. ನೀರು ಬಂದರೆ ಅವುಗಳೊಳಗಿನ ಎಣ್ಣೆ ತೊಳೆದುಹೋಗುತ್ತದೆ.

ಆದುದರಿಂದ ತಳದ ನಲ್ಲಿಯು ಅತ್ಯವಶ್ಯಕ. ಆದರೆ ಅದನ್ನು ಜೋಡಿಸುವುದರಲ್ಲಿಯೂ ವಿವೇಕ ಬೇಕು. ಅದು ಪಾತ್ರೆಯ ಅತ್ಯಂತ ತಗ್ಗಾದ ಸ್ಥಳದಲ್ಲಿರಬೇಕು. ಒಳಗೆ ಎರಡು ಕೋಣೆಗಳಿದ್ದರೆ ಎರಡಕ್ಕೂ ಬೇರೆ ಬೇರೆ ನಲ್ಲಿಗಳಿರಬೇಕು. ಇವನ್ನು ಒಂದೇ ಕೊಳವೆಗೆ ಸೇರಿಸಿ ತೆರೆದೇ ಬಿಟ್ಟರೆ ಅನಿಲವು ಅಡ್ಡದಾರಿ ಹಿಡಿದು ಶಾಮಕದ ಕೆಲಸವೇ ಕೆಡುತ್ತದೆ. ನಲ್ಲಿಯ ಕೊಳವೆ ಗಿಡ್ಡವೂ ದಪ್ಪವೂ ಆಗಿರಬೇಕು. ಉದ್ದನೆಯ ಸಣ್ಣ ಕೊಳವೆಯ ತುದಿಗೆ ಭಾರವಾದ ಕವಾಟವನ್ನು ತೂಗುಹಾಕಿದರೆ, ಒಂದು ತುದಿ ಬಿಗಿದ ಅಳತೆಪಟ್ಟಿಯ ಇನ್ನೊಂದು ತುದಿಗೆ ತೂಕ ಕಟ್ಟಿದಂತಾಗುತ್ತದೆ. ಯಂತ್ರದ ನಡುಕದಿಂದ ಅದು ಲಕ್ಷಾಂತರ ಸಲ ಬಳುಕಿ ಬುಡದಲ್ಲಿ ಬಿರುಕು ಬಿಡುತ್ತದೆ. ದೊಡ್ಡ ಪಾತ್ರೆ ಭದ್ರವಾಗಿಯೇ ಇದ್ದು ಈ ಕಿರಿಯ ಕೊಳವೆ ಮುರಿದರೂ ಅನಿಲವೆಲ್ಲ ಹೊರನುಗ್ಗುವುದು. ಉರಿಯುವ ಅಥವಾ ವಿಷಯುಕ್ತವಾದ ಅನಿಲವಾದರೆ, ತಳದ ದ್ರವವನ್ನು ಬಯಲಿಗೆ ಬಿಡದೆ ಮುಚ್ಚಿದ ಕೊಳವೆಯ ಮೂಲಕ ಸುರಕ್ಷಿತ ಸ್ಥಳಕ್ಕೆ ಒಯ್ಯಬೇಕು.

ವಿದ್ಯಾರ್ಥಿಗಳು ಮುಂದೊಮ್ಮೆ ಪಂಕ್ಚರ್ ಅಂಗಡಿಗೆ ಹೋದಾಗ, ಪಾತ್ರೆಯ ನೀರನ್ನು ಕೊನೆಯ ಸಲ ಬಿಟ್ಟದ್ದು ಎಂದೆಂದು ಅಂಗಡಿಯವರನ್ನು ವಿನಯದಿಂದ ಕೇಳಿ ನೋಡಬಹುದು. ತಾವೇ ತಿರುಗಿಸಲು ಹೋಗಬಾರದು. ತಿಳಿದವರು ಕೂಡ ಒಂದು ಪಕ್ಕಕ್ಕೆ ನಿಂತು ಮೆಲ್ಲನೆಯೇ ತೆರೆಯುತ್ತಾರೆ. ಪುಸ್ತಕದಲ್ಲಿ ಓದಿದ ಪರ್ಯಾಪ್ತ ಆವಿಯ ಪಾಠವು ಅಲ್ಲಿ ಹನಿಹನಿಯಾಗಿ ಕಣ್ಣಿಗೆ ಬೀಳುವುದು.