ಅಲ್ಪವ್ಯಯದ ಹುಟ್ಟುಹಬ್ಬ

ಸೋದರಿ, ನಾಲ್ಕು ತುಂಬಲಿರುವ ಮಗನ ಹುಟ್ಟುಹಬ್ಬಕ್ಕೆ ಸಭಾಂಗಣವನ್ನು ಬಾಡಿಗೆಗೆ ಹಿಡಿಯಲಾರೆನೆಂದು ತಾವು ಸಂಕೋಚಪಡುವುದು ಅನಾವಶ್ಯಕ. ಆಡಂಬರದ ಅಪೇಕ್ಷೆ ನೆರೆದ ಹಿರಿಯರದೇ ಹೊರತು ಶಿಶುವಿನದಲ್ಲ. ಓರಗೆಯ ಐದಾರು ಮಕ್ಕಳನ್ನಷ್ಟೇ ಕರೆದು, ಮಧ್ಯಾಹ್ನದ ನಿದ್ರೆ ಮುಗಿಸಿ ಅವರು ಉಲ್ಲಸಿತರಾಗಿರುವ 4ರಿಂದ 6 ಗಂಟೆಯವರೆಗೆ, ಮನೆಯಂಗಳದಲ್ಲಿಯೋ ಸಮೀಪದ ಉದ್ಯಾನದಲ್ಲಿಯೋ ಕಣ್ಣಾಮುಚ್ಚಾಲೆ, ತಪ್ಪಿದವರನ್ನು ಹೊರಗಿರಿಸದೆ ಆಡುವ ಕೆರೆ-ದಡ, ಸಾಬೂನಿನ ಗುಳ್ಳೆಗಳಲ್ಲಿ ತೊಡಗಿಸುವುದು ಯುಕ್ತ. ಸೋತವರನ್ನು ಹೊರಗಿರಿಸುವ ಕುರ್ಚಿಯಾಟ ಮಾತ್ರ ಬೇಡ; ಅದು ರೋದನದಲ್ಲಿ ಪರ್ಯವಸಾನವಾಗುವುದೇ ಹೆಚ್ಚು.

ಉಪಾಹಾರಕ್ಕೆ ಚಿತ್ರಾನ್ನ, ರವೆ ಉಂಡೆ, ಪಾನಕ ಸಾಕು. ಆದರೆ ಚಿತ್ರಾನ್ನಕ್ಕೆ ಇಡಿಯ ಕಡಲೆಕಾಯಿ ಬೀಜವನ್ನು ಹಾಕಕೂಡದು. ಈ ವಯಸ್ಸಿನವರ ಗಂಟಲಿನಲ್ಲಿ ಅದು ಸಿಕ್ಕಿಕೊಳ್ಳುವ ಭಯವುಂಟು. ಒಡೆದ ಬಲೂನಿನ ಚೂರುಗಳೂ ಅಷ್ಟೇ ಅಪಾಯಕರವಾದ್ದರಿಂದ ಒಡನೆಯೇ ಆಯ್ದುಬಿಡಿ. ಬೀಳ್ಕೊಡುವಾಗ ಚನ್ನಪಟ್ಟಣದ ಅರಗುಬಣ್ಣದ ಬುಗುರಿಯೊಂದನ್ನು ಪ್ರತಿಯೊಬ್ಬರ ಕೈಗಿತ್ತರೆ ಉಡುಗೊರೆಯ ಚಿಂತೆಯೂ ಪರಿಹಾರವಾದಂತೆ.